ಚೌಡಿಬನದ ಕಟ್ಟಳೆ ಹುಟ್ಟಿದ ವರ್ಷ

ಹೂಮಳೆ ಬಿದ್ದ ಒಂಬತ್ತನೆಯ ದಿನ, ಬೆಳಿಗ್ಗೆ ಹತ್ತರ ಹೊತ್ತಿಗೆ ಇದು ಶುರುವಾಯಿತು. ಕಾಫಿ ಬೆಳ್ಳಗೆ ಅರಳಿತ್ತು. ಹೂ ನಿಂತಿರುವ ಎರಡು ಮೂರು ದಿನ ತೋಟದೊಳಗೆ ಯಾರನ್ನೂ ಕೆಲಸಕ್ಕೆ ಬಿಡುವುದಿಲ್ಲ. ಹಾಗಾಗಿ ಸೋಮಶೇಖರಪ್ಪಗೌಡರ ಮನೆಯವರೆಲ್ಲ ಜಗಲಿಯ ಮೇಲಿದ್ದರು. ಗೌಡರು ಪೇಪರ್ ಓದುತ್ತಿದ್ದರು. ಅವರ ಹೆಂಡತಿ ವಸಂತಮ್ಮನವರು ಕೈಗೆ ಎಣ್ಣೆ ಹಚ್ಚಿಕೊಂಡು ಹಲಸಿನ ಗುಜ್ಜೆ ಹೆಚ್ಚುತ್ತಿದ್ದರು. ಸೊಸೆ ಕವನಾ ಎರಡನೆಯ ಬಸುರಿ, ಐದು ತಿಂಗಳು ತುಂಬಿತ್ತು; ಮೊದಲ ಮಗು ಅವಳ ತವರಿನಲ್ಲಿತ್ತು. ಮಗ ನಂದನ್ ಮೋಟಾರು ಬಿಚ್ಚಿಕೊಂಡು ಕೂತಿದ್ದ.

ನಾನು ದೀಪದ ಎಣ್ಣೆಗೆ ಬಂದು ಅಂಗಳದಲ್ಲಿ ನಿಂತಿದ್ದೆ. ನನ್ನ ಹೆಸರು ನಿಂಗಯ್ಯ. ಗೌಡರ ಅಪ್ಪನ ಕಾಲದಿಂದ ಆ ತೋಟದ ಆಳುಗಳ ಲೈನ್ ಮನೆಯಲ್ಲಿದ್ದೇನೆ. ತೋಟದ ಕೆಳಗೆ ಚೌಡಮ್ಮನ ಕಲ್ಲಿರುವ ಚೌಡಿಬನಕ್ಕೆ ದೀಪ ಹಚ್ಚುವುದು ನಲವತ್ತೆಂಟು ವರ್ಷದಿಂದ ನನ್ನ ಕೆಲಸ.

ಬಾಳೂರಿನ ಜಾವೇದನ ಜೀಪು ಬಂದು ನಿಂತಿತು. ಅದರಿಂದ ಇಳಿದದ್ದು ಕವನಾಳ ಚಿಕ್ಕಮ್ಮನ ಮಗಳು ಶಿಲ್ಪಾ. ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡಿದ್ದಳು.

“ಅಕ್ಕ, ಟಾರು ರೋಡಿಂದ ನಿಮ್ಮನೆ ಹೆಂಚು ಕಾಣ್ತಿತ್ತು,” ಅಂದಳು. “ಈ ಜಾವೇದಣ್ಣ ನನ್ನ ಗುಡ್ಡವೆಲ್ಲ ಸುತ್ತಿಸಿಕೊಂಡು ಬಂದ್ರು.”

“ನಂದೇನು ತಪ್ಪಿಲ್ಲ ಮಾರಾಯ್ತಿ,” ಎಂದ ಜಾವೇದ್. “ಕೆಳಗಿನ ದಾರೀಲಿ ಹೆಂಗಸರನ್ನ ಕೂರಿಸ್ಕೊಂಡು ಬಂದ್ರೆ ಗೌಡ್ರು ನನ್ನ ಜೀಪನ್ನೇ ಚೌಡಿಗೆ ಬಲಿ ಕೊಟ್ಟುಬಿಡ್ತಾರೆ.”

ಎಲ್ಲರೂ ನಕ್ಕರು. ಅದು ನಗುವ ಮಾತಾಗಿರಲಿಲ್ಲ. ಮನೆಯಿಂದ ಟಾರು ರಸ್ತೆಗೆ ಕೆಳಗಿನ ದಾರಿಯಲ್ಲಿ ಒಂದೂವರೆ ಕಿಲೋಮೀಟರು. ಆ ದಾರಿ ಬನದ ಕಟ್ಟೆಯನ್ನು ಒರಸಿಕೊಂಡೇ ಹೋಗುತ್ತದೆ. ಗಂಡಸರು ಹೋಗಬಹುದು, ಕಾಫಿ ಮೂಟೆ ಹೋಗಬಹುದು, ದನ ಹೋಗಬಹುದು. ಮೈನೆರೆದ ಹೆಣ್ಣು, ಮುಟ್ಟು ನಿಲ್ಲುವವರೆಗೆ, ಹೋಗುವಂತಿಲ್ಲ. ಅವರಿಗೆ ಮೇಲಿನ ದಾರಿ. ಅದು ಹನ್ನೆರಡು ಕಿಲೋಮೀಟರು, ಎರಡು ಹಳ್ಳ, ಮೈಯೆಲ್ಲ ಕಲ್ಲು.

ಒಂಬತ್ತು ವರ್ಷದ ಹಿಂದೆ ಆಷಾಢದಲ್ಲಿ ಗೌಡರ ಮಗಳು ಮೇಘಶ್ರೀ ಅದೇ ಮೇಲಿನ ದಾರಿಯಲ್ಲಿ ಸತ್ತಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಎರಡನೆಯ ಹಳ್ಳದಲ್ಲಿ ಜೀಪು ಹೂತುಕೊಂಡಿತು. ರಕ್ತ ನಿಲ್ಲಲಿಲ್ಲ. ಜೀಪನ್ನು ಹಿಂದಿನಿಂದ ದೂಡಿದವರಲ್ಲಿ ನಾನೂ ಒಬ್ಬ. ತಾಯಿ ಮಗು ಇಬ್ಬರೂ ಉಳಿಯಲಿಲ್ಲ. “ಹಣೆಬರಹ” ಎಂದರು ಎಲ್ಲರೂ. ದಾರಿಯ ಮಾತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಶಿಲ್ಪಾ ಬಂದದ್ದು ಓದಿನ ಕೆಲಸಕ್ಕೆ. ಯೂನಿವರ್ಸಿಟಿಯಲ್ಲಿ ಧರ್ಮಗಳ ಬಗ್ಗೆ ಓದುವ ಒಂದು ವಿಭಾಗವಿದೆಯಂತೆ. ಅಲ್ಲಿ ಪೂಜೆ ಕಲಿಸುವುದಿಲ್ಲ, ಪೂಜೆ ಬಿಡಿಸುವುದೂ ಇಲ್ಲ. ಜನ ಏನು ಮಾಡುತ್ತಾರೆ, ಯಾವಾಗಿನಿಂದ ಮಾಡುತ್ತಾರೆ, ಯಾಕೆಂದು ಹೇಳುತ್ತಾರೆ ಎಂಬುದನ್ನು ಬರೆದುಕೊಂಡು ಹೋಲಿಸಿ ನೋಡುತ್ತಾರೆ. ಅವಳು ಮಲೆನಾಡಿನ ಬನಗಳನ್ನು ಹಿಡಿದುಕೊಂಡಿದ್ದಳು.

ಗೌಡರಿಗೆ ತಮಾಷೆಯೆನಿಸಿತು. “ಈಗ ದೇವರ ಮೇಲೂ ಪರೀಕ್ಷೆ ಬರೀತಾರಾ? ನಮ್ಮ ಚೌಡಮ್ಮನಿಗೆ ಎಷ್ಟು ಮಾರ್ಕ್ಸು ಕೊಡ್ತೀಯಮ್ಮ?”

“ಮಾರ್ಕ್ಸು ಕೊಡೋದು ನನಗೆ ದೊಡ್ಡಪ್ಪ, ಚೌಡಮ್ಮನಿಗಲ್ಲ.”

“ನಂಬಿಕೆ ಅನ್ನೋದು ಪುಸ್ತಕದಲ್ಲಿ ಸಿಗಲ್ಲ ನೋಡು.”

“ನಮ್ಮ ಮೇಡಂ ಮೊದಲ್ನೇ ದಿನ ಹೇಳೋದೇ ಅದು. ಯಾರ ನಂಬಿಕೇನೂ ಗೇಲಿ ಮಾಡಬೇಡಿ ಅಂತ. ಎರಡನೇ ದಿನ ಹೇಳೋದು, ಪ್ರತಿಯೊಂದು ಕಟ್ಟಳೆಗೂ ಹುಟ್ಟಿದ ದಿನ ಅಂತ ಇರುತ್ತೆ, ಅದನ್ನ ಹುಡುಕಿ ಅಂತ.”

“ನಮ್ಮದಕ್ಕೆ ಹುಟ್ಟಿದ ದಿನ ಇಲ್ಲ. ಮುತ್ತಜ್ಜನ ಕಾಲದಿಂದ ಬಂದದ್ದು,” ಎಂದು ಗೌಡರು ಪೇಪರ್ ಮಡಚಿದರು.

ಮಾರನೆಯ ದಿನದಿಂದ ಶಿಲ್ಪಾ ಮನೆಮನೆಗೂ ಹೋಗಿ ಒಂದೇ ಪ್ರಶ್ನೆ ಕೇಳಿದಳು. ಕಟ್ಟಳೆ ಏನು ಎಂದಲ್ಲ, “ಇದನ್ನ ನಿಮಗೆ ಹೇಳಿದವರು ಯಾರು?” ಎಂದು. ಅತ್ತೆ ಹೇಳಿದಳು ಎಂದರೆ, ಅತ್ತೆಗೆ ಹೇಳಿದವರು ಯಾರು? ಒಂದು ದೊಡ್ಡ ಕಾಗದದ ಮೇಲೆ ಹೆಸರಿಂದ ಹೆಸರಿಗೆ ಗೆರೆ ಎಳೆಯುತ್ತಿದ್ದಳು. ನಾನು ದೀಪ ಹಚ್ಚುವಾಗ ಕೆಲವು ಸಲ ಅಷ್ಟು ದೂರದಲ್ಲಿ ನಿಂತಿರುತ್ತಿದ್ದಳು. ಬನದ ಗಡಿಯನ್ನು ದಾಟುತ್ತಿರಲಿಲ್ಲ. “ನೀವು ಬೇಡ ಅಂದ ಕಡೆ ನಾನು ಬರಲ್ಲ ಅಜ್ಜ,” ಅನ್ನುತ್ತಿದ್ದಳು. ಆ ಮರ್ಯಾದೆಯೇ ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಇತ್ತ ಕವನಾಳ ಕಾಲು ಊದಿಕೊಂಡವು. ಏಳನೆಯ ತಿಂಗಳಲ್ಲಿ ಮೂಡಿಗೆರೆಯ ಡಾಕ್ಟರಮ್ಮ ಬಿ.ಪಿ. ಜಾಸ್ತಿಯಿದೆ, ವಾರವಾರ ತೋರಿಸಬೇಕು ಅಂದರು. ವಾರವಾರ ಮೇಲಿನ ದಾರಿ. ಹೋಗಿಬಂದ ದಿನ ಆ ಹುಡುಗಿ ಗೋಡೆ ಹಿಡಿದು ಒಳಗೆ ನಡೆಯುತ್ತಿದ್ದಳು. ಮೇ ತಿಂಗಳ ಕೊನೆಯಲ್ಲಿ ಒಂದು ಸಲ ಹಾಗೆ ಬಂದವಳಿಗೆ ರಕ್ತ ಕಂಡಿತು. ಡಾಕ್ಟರಮ್ಮ ಫೋನಿನಲ್ಲಿ ನಂದನನಿಗೆ ಬೈದರಂತೆ, “ಇಷ್ಟು ಕುಲುಕಿಸಿಕೊಂಡು ಕರ್ಕೊಂಡು ಬರ್ತೀರಲ್ಲ, ಬೇರೆ ದಾರಿನೇ ಇಲ್ವಾ?” ಎಂದು. ಇದೆ ಅನ್ನಲು ಅವನಿಗೆ ಬಾಯಿ ಬರಲಿಲ್ಲ.

“ಪೇಟೇಲಿ ಒಂದು ರೂಮು ಮಾಡಿ ಈಗಲೇ ಬಿಟ್ಟುಬಿಡೋಣಮ್ಮ,” ಅಂದ ತಾಯಿಗೆ.

“ಹೋಗೋಕಾದ್ರೂ ಮೇಲಿನ ದಾರೀಲೇ ಹೋಗಬೇಕಲ್ಲಪ್ಪ. ರಕ್ತ ಕಂಡಿರೋಳನ್ನ ಈಗ ಅಲುಗಿಸಬೇಡ,” ಅಂದರು ವಸಂತಮ್ಮನವರು.

“ಕೆಳಗಿನ ದಾರಿ…”

“ಅದರ ಮಾತು ಎತ್ತಬೇಡ. ನನ್ನ ಮಗಳನ್ನೇ ಕರ್ಕೊಂಡು ಹೋಗಲಿಲ್ಲ ಆ ದಾರೀಲಿ.”

ಕಟ್ಟಳೆ ನಿಜವಾಗಿದ್ದರೆ ಮಾತ್ರ ಮೇಘಶ್ರೀಯ ಸಾವಿಗೆ ಒಂದು ಅರ್ಥ. ಆ ತಾಯಿ ಗಟ್ಟಿಯಾಗಿ ಹಿಡಿದುಕೊಂಡದ್ದು ಚೌಡಿಯನ್ನಲ್ಲ, ಮಗಳನ್ನು.

ಅದರ ಮರುದಿನ ಮಧ್ಯಾಹ್ನ ಶಿಲ್ಪಾ ಲೈನಿಗೆ ಬಂದು ನನ್ನ ಬಾಗಿಲ ಮುಂದೆ ಕಾಗದ ಹಾಸಿದಳು.

“ನಿಂಗಜ್ಜ, ನಲವತ್ತೊಂದು ಜನರನ್ನ ಕೇಳಿದೆ. ಎಲ್ಲಾ ಗೆರೇನೂ ಆಗ ಈ ತೋಟದ ಆಳು ನೋಡ್ಕೋತಿದ್ದ ಪುಟ್ಟಸ್ವಾಮಿ ಮೇಸ್ತ್ರಿ ಹೆಸರಿಗೆ ಬಂದು ನಿಲ್ಲುತ್ತೆ. ಅಲ್ಲಿಂದ ಹಿಂದಕ್ಕೆ ಹೋಗಲ್ಲ. ಜಾವೇದಣ್ಣನ ಅಜ್ಜಿ ರೌಶನ್ ಬೀನ ಬಾಳೂರಲ್ಲಿ ಮಾತಾಡಿಸಿದೆ. ಅವ್ರು ಮದುವೆಯಾದ ಹೊಸದ್ರಲ್ಲಿ ಬಳೆ ಬುಟ್ಟಿ ಹೊತ್ಕೊಂಡು ಆ ದಾರೀಲೇ ಬರ್ತಿದ್ರಂತೆ. ಬನದ ಕಟ್ಟೆ ಮೇಲೇ ಕೂತು ನಿಮ್ಮ ಲೈನಿನ ಹೆಂಗಸರಿಗೆ ಬಳೆ ತೊಡಿಸ್ತಿದ್ರಂತೆ.”

ನಾನು ಕಾಗದದ ಮೇಲಿನ ಆ ಹೆಸರು ನೋಡಿದೆ.

“ಮೇಸ್ತ್ರಿ ಈಗಿಲ್ಲ. ಅವ್ರ ಜೊತೆ ಕೆಲಸ ಮಾಡಿದವ್ರಲ್ಲಿ ಉಳಿದಿರೋದು ನೀವೊಬ್ರೇ. ಹೇಳಲೇಬೇಕು ಅಂತಿಲ್ಲ. ನಾನು ಬರ್ಕೊಳೋಕೆ ಬಂದವಳು, ಬದಲಾಯಿಸೋಕೆ ಬಂದವಳಲ್ಲ.”

“ಕವನಮ್ಮ ನಿನ್ನ ಅಕ್ಕ ಅಲ್ವೇನಮ್ಮ?” ಎಂದೆ.

ಅವಳ ಕಣ್ಣು ತುಂಬಿದವು. “ಅದಕ್ಕೇ ನಂಗೂ ನಿದ್ದೆ ಬರ್ತಿಲ್ಲ ಅಜ್ಜ,” ಅಂದಳು.

“ಹಂಗಾದ್ರೆ ನೀನು ಬರ್ಕೋ. ಬದಲಾಯಿಸೋದು ನನ್ನ ಕೆಲಸ,” ಎಂದು ಎದ್ದೆ.

ಗೌಡರು ಊಟ ಮುಗಿಸಿ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ವಸಂತಮ್ಮನವರು ಬಾಗಿಲ ಬಳಿ ಇದ್ದರು, ಒಳಗೆ ಮಂಚದ ಮೇಲೆ ಕವನಾ. ನಾನು ಅಂಗಳದಲ್ಲಿ ನಿಂತು ಹೇಳಿದೆ. ಹೇಳಿದ್ದು ಇಷ್ಟು.

ಕುದುರೆಮುಖದಲ್ಲಿ ಗಣಿ ಕಂಪನಿಯ ಕೆಲಸ ಶುರುವಾಗಿ ನಮ್ಮ ಲೈನಿನ ಗಂಡಾಳುಗಳೆಲ್ಲ ಅತ್ತ ಹೋದ ವರ್ಷ ಅದು. ಕಾಫಿ ಕುಯ್ಯಲು ಉಳಿದದ್ದು ಹೆಂಗಸರು. ಸಂಜೆ ಅವರು ಬನದ ದಾರಿಯಲ್ಲಿ ಮನೆಗೆ ಹೋಗುವಾಗ ಮಡಿಲಲ್ಲಿ ಹಣ್ಣು ಕಟ್ಟಿಕೊಂಡು ಹೋಗುತ್ತಾರೆಂದು ಪುಟ್ಟಸ್ವಾಮಿ ಮೇಸ್ತ್ರಿಗೆ ಅನುಮಾನ. ಎಲ್ಲರೂ ಕಣದ ಗೇಟಿನಿಂದಲೇ ಹೊರಗೆ ಹೋಗುವಂತಾದರೆ ಮಡಿಲು ನೋಡಬಹುದು. ಬೈದರೆ ಕೇಳಲಿಲ್ಲ. ಆಗ ಮೇಸ್ತ್ರಿ, ಚೌಡಮ್ಮ ಕನಸಿಗೆ ಬಂದಳು, ಹೆಣ್ಣಿನ ನೆರಳು ಬೇಡವೆಂದಳು ಅಂತ ಕಥೆ ಕಟ್ಟಿದ. ಕಲ್ಲಿಗೆ ಕೆಂಪು ಬಟ್ಟೆ ಸುತ್ತಿ, ಧೂಪದ ಮರಕ್ಕೆ ಗಂಟೆ ಕಟ್ಟಿದವನು ನಾನು. ನನಗಾಗ ಇಪ್ಪತ್ತನಾಲ್ಕು. ತೋಟದ ಕೆಲಸ ಬಿಡಿಸಿ ದೀಪದ ಕೆಲಸ ಕೊಡುತ್ತೇನೆ ಅಂದಿದ್ದ. ಆ ವಾರವೇ ಒಬ್ಬಳು ಅಲ್ಲಿ ಜಾರಿ ಕಾಲು ಮುರಿದುಕೊಂಡಳು. ಅಲ್ಲಿಗೆ ಊರು ನಂಬಿತು. ನಾಲ್ಕು ವರ್ಷ ದೀಪ ಹಚ್ಚಿದ ಮೇಲೆ ನನಗೇ ಭಯವಾಗತೊಡಗಿತು. ನಾನೇ ಕಟ್ಟಿದ ಗಂಟೆ ಅಲುಗಿದರೆ ಕೈಮುಗಿಯುತ್ತಿದ್ದೆ.

ಗೌಡರ ಅಡಿಕೆಕತ್ತರಿ ನಿಂತಿತು. “ಯಾರು ಹೇಳಿಕೊಟ್ಟದ್ದು ನಿಂಗೆ? ಈ ಹುಡುಗೀನಾ?”

“ಇಲ್ಲ ಗೌಡ್ರೇ. ಈ ಮಗು ಕೇಳಿದ್ದು ಅಷ್ಟೇ. ಆಗ ನೀವು ಚಿಕ್ಕಮಗಳೂರಲ್ಲಿ ಹಾಸ್ಟೆಲಿನಲ್ಲಿದ್ರಿ. ರಜಕ್ಕೆ ಬಂದಾಗ ಗಂಟೆ ಯಾರು ಕಟ್ಟಿದ್ದು ಅಂತ ನನ್ನನ್ನೇ ಕೇಳಿದ್ರಿ. ಹಳೇದು ಅಂದೆ. ನೆನಪು ಮಾಡ್ಕೊಳ್ಳಿ.”

ಅವರಿಗೆ ನೆನಪಾಯಿತು. ಮುಖದಲ್ಲಿ ಕಂಡಿತು. ಆದರೂ, “ಮುದುಕನಿಗೆ ಅರಳುಮರಳು,” ಅಂದರು. “ಹೆಂಗೇ ಹುಟ್ಟಿರಲಿ ಕಣಯ್ಯ, ಐವತ್ತು ವರ್ಷ ಕೈಮುಗಿದ ಮೇಲೆ ಅಲ್ಲಿ ದೇವರು ಬಂದಿರಲ್ವಾ?”

ಅದಕ್ಕೆ ಶಿಲ್ಪಾ ಮೆಲ್ಲಗೆ ಉತ್ತರ ಕೊಟ್ಟಳು. “ಬಂದಿರಬಹುದು ದೊಡ್ಡಪ್ಪ. ಅದನ್ನ ಇಲ್ಲ ಅನ್ನೋಕೆ ನಮ್ಮ ಓದಿನಲ್ಲಿ ದಾರಿಯಿಲ್ಲ. ಆದ್ರೆ ಹೆಂಗಸರು ಬರಬಾರದು ಅಂದಿದ್ದು ಮೇಸ್ತ್ರಿ. ಅದನ್ನ ಹೇಳೋಕೆ ಸಾಕ್ಷಿ ಇದೆ. ದೇವರನ್ನ ಇಟ್ಕೊಂಡು ಮೇಸ್ತ್ರಿ ಮಾತನ್ನ ಬಿಡಬಹುದಲ್ಲ?”

ವಸಂತಮ್ಮನವರು ಹೊಸ್ತಿಲು ದಾಟಿ ಮೆಟ್ಟಿಲ ತನಕ ಬಂದರು.

“ಹಾಗಾದ್ರೆ ನನ್ನ ಮೇಘ ಯಾಕೆ ಸತ್ತಳು ನಿಂಗಯ್ಯ?”

“ನನ್ನಿಂದ ಕಣಮ್ಮ. ಅವತ್ತು ಜೀಪು ದೂಡೋ ಬದಲು ನಾನು ಬಾಯಿ ಬಿಡಬೇಕಿತ್ತು.”

ಅವರು ನನ್ನನ್ನು ಹೊಡೆಯುತ್ತಾರೆಂದುಕೊಂಡೆ. ಹೊಡೆಯಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತರು. ಗೌಡರು, “ನಾಳೆಯಿಂದ ಬನದ ಕಡೆ ಕಾಲಿಡಬೇಡ, ದೀಪಕ್ಕೆ ಬೇರೆಯವರನ್ನ ನೋಡ್ತೀನಿ,” ಎಂದು ಒಳಗೆ ಹೋದರು. ಅದು ನ್ಯಾಯವೇ.

ಆ ವಾರ ಯೂನಿವರ್ಸಿಟಿಗೆ ವಾಪಸ್ ಹೋಗುವಾಗ ಶಿಲ್ಪಾ, “ನಿಮ್ಮ ಹೆಸರು ಹಾಕಲ್ಲ ಅಜ್ಜ, ನಮ್ಮಲ್ಲಿ ಹೆಸರು ಬದಲಾಯಿಸೋ ಪದ್ಧತಿ ಇದೆ,” ಅಂದಳು.

“ಹಾಕು. ಅಪ್ಪನ ಹೆಸರೂ ಸೇರಿಸಿ ಹಾಕು,” ಅಂದೆ.

ಊರಿನ ಮಾತು ಒಂದು ತಿಂಗಳು ನಡೆಯಿತು. ಕೆಲವರು ನನ್ನ ಕಡೆ ನೋಡುವುದನ್ನು ಬಿಟ್ಟರು. “ಇಷ್ಟು ವರ್ಷ ಎಣ್ಣೆ ತಿಂದವನು ಈಗ ಗಿಂಡಿಗೆ ಒದ್ದ” ಎಂದವರೂ ಉಂಟು. ಕೆಳಗಿನ ದಾರಿಯಲ್ಲಿ ಪ್ರಾಯದ ಯಾವ ಹೆಂಗಸೂ ನಡೆಯಲಿಲ್ಲ. ನಿಜ ತಿಳಿಯುವುದು ಬೇರೆ, ಕಾಲು ಎತ್ತಿಡುವುದು ಬೇರೆ.

ಆರಿದ್ರಾ ಮಳೆ ಹಿಡಿಯಿತು. ಡಾಕ್ಟರಮ್ಮ ಹೇಳಿದ ದಿನಕ್ಕೆ ಇನ್ನೂ ಮೂರು ವಾರವಿತ್ತು. ಒಂದು ಬೆಳಿಗ್ಗೆ ಏಳು ಗಂಟೆಗೆ ಕವನಾಳಿಗೆ ನೋವು ಬಂತು, ಕಣ್ಣು ಮಂಜಾಗುತ್ತಿದೆ ಅಂದಳು. ಜಾವೇದ್ ಜೀಪು ತಂದ; ಸದ್ದು ಕೇಳಿ ನಾನೂ ಅಂಗಳಕ್ಕೆ ಬಂದೆ. ಮೇಲಿನ ದಾರಿಯ ಎರಡು ಹಳ್ಳವೂ ತುಂಬಿವೆ ಎಂದ.

“ನೀರು ಇಳಿಯೋವರೆಗೆ ಕಾಯಿರಿ,” ಅಂದರು ಗೌಡರು.

ಕವನಾ ಕಂಬ ಹಿಡಿದು ಎದ್ದು ನಿಂತಳು. ಮಾತು ತಡೆತಡೆದು ಬಂತು. “ಕಾಯಲ್ಲ ಮಾವ. ನಾನು ಕೆಳಗಿನ ದಾರೀಲಿ ಹೋಗ್ತೀನಿ.”

“ಇವತ್ತು ಮಂಗಳವಾರ ಬೇರೆ. ಚೌಡಿ ವಾರ. ಅಮ್ಮ ಮುನಿದ್ರೆ?”

“ಮುನಿದ್ರೆ ನನ್ನ ಮೇಲೆ ಮುನೀಲಿ. ಉತ್ತರ ನಾನು ಹೇಳ್ಕೋತೀನಿ. ಜೀಪು ಬಿಡದಿದ್ರೆ ನಡ್ಕೊಂಡು ಹೋಗ್ತೀನಿ.”

ನಂದನ್ ಅಪ್ಪನ ಮುಖ ನೋಡಿದ. ಗೌಡರು ಮೆಟ್ಟಿಲಿಗೆ ಅಡ್ಡವಾಗಿ ನಿಂತಿದ್ದರು. ಆಗ ವಸಂತಮ್ಮನವರು ಕಂಬಳಿ, ಫ್ಲಾಸ್ಕು ಹಿಡಿದು ಒಳಗಿಂದ ಬಂದರು. ಗಂಡನ ಎದುರು ನಿಂತು ಹೇಳಿದರು, “ಒಬ್ಬಳನ್ನ ಸುತ್ತಿಸಿ ಕೊಂದ್ವಿ. ಸರೀರಿ.”

ಗೌಡರು ಸರಿದರು.

ಆಮೇಲೆ ತಾಯಿ ಮಗು ಏನಾದರು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಒಳ್ಳೆಯದಾಯಿತೆಂದು ಬರೆದರೆ ಚೌಡಮ್ಮ ಒಪ್ಪಿದಳು ಅನ್ನುತ್ತೀರಿ. ಕೆಟ್ಟದ್ದಾಯಿತೆಂದರೆ ಮುನಿದಳು ಅನ್ನುತ್ತೀರಿ. ಕಾಲು ಮುರಿದವಳೊಬ್ಬಳನ್ನು ನೋಡಿ ನಾವು ಐವತ್ತು ವರ್ಷ ಹಾಗೇ ಲೆಕ್ಕ ಹಾಕಿ ಕೆಟ್ಟೆವು. ಹತ್ತಿರದ ದಾರಿ ಹೇಗೇ ಆದರೂ ಹತ್ತಿರದ ದಾರಿಯೇ. ನಿಮ್ಮ ಊರಿನಲ್ಲೂ ಇಂಥ ಕಟ್ಟಳೆ ಇದ್ದರೆ, ಯಾರು ಹೇಳಿದ್ದು, ಯಾವ ವರ್ಷ ಎಂದು ಕೇಳಿ. ತಿಳಿದ ಮುದುಕರಿದ್ದರೆ ನನ್ನ ಹಾಗೆ ತಡಮಾಡದೆ ಹೇಳಿ.

ಆರಿದ್ರಾ ಮಳೆಯ ಆ ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ಕವನಾ, ಅತ್ತೆಯ ತೊಡೆಯ ಮೇಲೆ ತಲೆಯಿಟ್ಟುಕೊಂಡು, ಬನದ ದಾರಿಯಲ್ಲಿ ಮೂಡಿಗೆರೆಗೆ ಹೋದಳು.