ಕಣ್ಣಾರೆ ಕಂಡ ಒಂದು ಮಾತು

ಡೈರಿಗಲ್ಲದೆ ಬೇರೆ ಯಾರಿಗೂ ಹೇಳುವಂಥದ್ದಲ್ಲ, ಆದರೂ ಆವತ್ತು ಮಧ್ಯಾಹ್ನ ನನ್ನನ್ನು ಕಾಡುತ್ತಿದ್ದ ಚಿಂತೆ ನನ್ನ ಸಾಕ್ಸ್ ನಾರುತ್ತಿವೆಯೇನೋ ಎಂಬುದು. ಅಗ್ಗದ ವಸತಿಗೃಹವೊಂದರಲ್ಲಿ ಆರು ಮಂಚಗಳ ಹೆಂಗಸರ ಕೋಣೆ. ಒಂದರ ಮೇಲೊಂದು ನಿಲ್ಲಿಸಿದ ಕಬ್ಬಿಣದ ಮಂಚಗಳು. ನನ್ನದು ಕಿಟಕಿಯ ಪಕ್ಕದ ಮೇಲಿನದು. ನಾನು ಶೂ ಬಿಚ್ಚಿದ ಕೂಡಲೇ ಎದುರಿನ ಹುಡುಗಿ ಎದ್ದು ಹೊರಗೆ ಹೋದಳು. ಫೋನ್ ಬಂದಿತ್ತೇನೋ. ಬಂದಿರಲಿಕ್ಕಿಲ್ಲ. ಸಾಕ್ಸ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುರುಕಿ, ಗಂಟು ಹಾಕಿ, ಗಂಟಿನ ಮೇಲೆ ಇನ್ನೊಂದು ಗಂಟು ಬಿಗಿದು ಬೆನ್ನುಚೀಲದ ತಳಕ್ಕೆ ತಳ್ಳಿದೆ. ಡೈರಿ ತೆಗೆದು ಬರೆದೆ: ಹನ್ನೆರಡನೆಯ ಪ್ರಾಂತ್ಯ, ಎರಡನೆಯ ದಿನ, ಸಾಕ್ಸ್. ಅದಕ್ಕಿಂತ ಹೆಚ್ಚು ಬರೆಯಲು ಏನೂ ತೋಚಲಿಲ್ಲ.

ನಮ್ಮ ದೇಶದಲ್ಲಿ ಪ್ರಾಂತ್ಯಗಳು ಹದಿನೇಳು. ಭೂಗೋಳದಲ್ಲಿ ಪದವಿ ಮಾಡಿದ್ದರಿಂದ ಅವುಗಳ ನದಿ, ಮಣ್ಣು, ಮಳೆಯ ಪ್ರಮಾಣವೆಲ್ಲ ನನಗೆ ಬಾಯಿಪಾಠ. ಈಗ ಅವನ್ನು ಒಂದೊಂದಾಗಿ ಸುತ್ತುವುದೇ ನನ್ನ ಕೆಲಸ. ಬೆನ್ನಿಗೆ ಚೀಲ ಹಾಕಿಕೊಂಡು ಕಡಿಮೆ ಖರ್ಚಿನಲ್ಲಿ ಊರೂರು ತಿರುಗುವವರಿಗಾಗಿ ಸಣ್ಣದೊಂದು ಪ್ರಕಾಶನದವರು ಪ್ರಾಂತ್ಯಕ್ಕೊಂದು ಕೈಪಿಡಿ ತರುತ್ತಾರೆ. ಹಳೆಯ ಕೈಪಿಡಿಗಳಿಗೆ ಹತ್ತು ವರ್ಷ ವಯಸ್ಸಾಗಿದೆ. ಅವುಗಳಲ್ಲಿರುವ ಅಗ್ಗದ ವಸತಿ, ಊಟದ ಜಾಗ, ಬಸ್ಸಿನ ವೇಳೆ ಎಲ್ಲವನ್ನೂ ಹೋಗಿ ನೋಡಿ, ಹಾಳೆಯಲ್ಲಿ ಗುರುತು ಹಾಕಿ ಪ್ರತಿ ಶನಿವಾರ ಕಳಿಸಬೇಕು. ಒಂದು ಪ್ರಾಂತ್ಯದ ಹಾಳೆಗಳು ಮುಗಿದ ಕೂಡಲೇ ಅದು ಅಚ್ಚಾಗಿ ಬಸ್ ನಿಲ್ದಾಣಗಳ ಅಂಗಡಿಗೆ ಬಂದುಬಿಡುತ್ತದೆ. ಹಾಳೆಯಲ್ಲಿ ಮೂರೇ ಚೌಕಗಳು: ಇದೆ, ಇಲ್ಲ, ಬದಲಾಗಿದೆ. ‘ಇದೆ’ ಎಂದು ಗುರುತಿಸಿದರೆ ಪಕ್ಕದಲ್ಲಿ ‘ಕಣ್ಣಾರೆ ಕಂಡ ಒಂದು ಮಾತು’ ಬರೆಯಬೇಕು. ಬಾಗಿಲಿನ ಬಣ್ಣವೋ, ಮೆಟ್ಟಿಲ ಮೇಲಿನ ಬೆಕ್ಕೋ, ಏನಾದರೂ. ಕೂತಲ್ಲೇ ಗುರುತು ಹಾಕುವ ಮೈಗಳ್ಳರನ್ನು ಹಿಡಿಯಲು ಸಂಪಾದಕರು ಹೂಡಿದ ಉಪಾಯ ಅದು. ‘ಹೋಗಲಾಗಲಿಲ್ಲ’ ಎನ್ನುವುದಕ್ಕೆ ಚೌಕವಿಲ್ಲ.

ಅಮ್ಮ ಈ ಕೆಲಸದ ಸುದ್ದಿಯನ್ನು ಬೀದಿಗೆಲ್ಲ ಸಾರಿದ್ದಾಳೆ. ಕೈಪಿಡಿಗಳನ್ನು ಟಿವಿ ಪಕ್ಕದ ಗಾಜಿನ ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದಾಳೆ. ಅವುಗಳಲ್ಲಿ ನನ್ನ ಹೆಸರಿಲ್ಲ, ‘ನಮ್ಮ ಪ್ರತಿನಿಧಿ’ ಎಂದಷ್ಟೇ ಇದೆ. ಅದರಿಂದೇನೂ ಅವಳಿಗೆ ಕೊರತೆಯಾಗಿಲ್ಲ. “ಮನೆಗೆ ಯಾರಾದ್ರೂ ಬಂದ್ರೆ ಬಾಗಿಲ ಹಿಂದೆ ಬಚ್ಚಿಟ್ಕೊಳ್ತಿದ್ದೋಳು ಇವಳೇನಾ ಅಂತ ಎಲ್ರೂ ಮೂಗಿನ ಮೇಲೆ ಬೆರಳಿಡ್ತಾರೆ ಕಣೇ,” ಎನ್ನುತ್ತಾಳೆ ಫೋನಿನಲ್ಲಿ.

ಸುತ್ತುತ್ತಿರುವುದು ನಿಜ. ಸಮುದ್ರದ ಊರಿಗೆ ಹೋದೆ, ಗಣಿಯ ಊರಿಗೆ ಹೋದೆ, ಹಿಮ ಬೀಳುವ ಊರಿಗೆ ಹೋದೆ. ಎಲ್ಲ ಕಡೆಯೂ ನನಗಿಂತ ಮೊದಲೇ ಬಂದು ನಾನೇ ಕೂತಿದ್ದೆ.

ಒಂಬತ್ತನೆಯ ಪ್ರಾಂತ್ಯದಲ್ಲಿ ಅದು ಕೈಮೀರಿತು. ಬೆಟ್ಟದ ಬುಡದಲ್ಲೊಂದು ಲಾಡ್ಜ್, ಒಂದೇ ಕಿಟಕಿಯ ಕೋಣೆ. ಅಲ್ಲಿಂದ ಬಸ್ಸು ಹೋಗುವಷ್ಟು ದೂರ ಹೋಗಿ, ಆಮೇಲೆ ಎರಡು ತಾಸು ಹತ್ತಿದರೆ ‘ಮೇಲಿನ ತಂಗುಮನೆ’ ಸಿಗುತ್ತದೆ ಎಂದು ಹಳೆಯ ಕೈಪಿಡಿ ಹೇಳುತ್ತಿತ್ತು. ಫೋನ್ ಇಲ್ಲ, ನೋಡಿಯೇ ಬರಬೇಕು. ಬೆಳಿಗ್ಗೆ ಎಚ್ಚರವಾಯಿತು. ಏಳಬೇಕು ಅಂದುಕೊಂಡೆ. ಏಳಲಿಲ್ಲ. ಜ್ವರವಿರಲಿಲ್ಲ, ಮಳೆಯಿರಲಿಲ್ಲ, ಕಾಲು ನೋಯುತ್ತಿರಲಿಲ್ಲ. ಛಾವಣಿಯ ಮೂಲೆಯಲ್ಲಿ ಸುಣ್ಣ ಎದ್ದುಬಂದಿತ್ತು, ಅದನ್ನೇ ನೋಡುತ್ತಾ ಮಲಗಿದ್ದೆ. ಬಾಟಲಿಯಲ್ಲಿದ್ದ ನೀರು ಮುಗಿಯಿತು. ಕೆಳಗೆ ಹೋಗಿ ತುಂಬಿಸಿಕೊಂಡು ಬರಲೂ ಆಗಲಿಲ್ಲ. ಹೀಗೇ ಮೂರು ದಿನ ಕಳೆಯಿತು. ಮೂರೂ ದಿನ ಡೈರಿಯಲ್ಲಿ ಒಂದೊಂದೇ ಸಾಲು: ಇವತ್ತೂ ಇಲ್ಲ.

ಶನಿವಾರ ಸಂಜೆ ಮಲಗಿದ್ದಲ್ಲೇ ತಂಗುಮನೆಯ ಎದುರಿಗೆ ‘ಇದೆ’ ಎಂದು ಗುರುತು ಹಾಕಿದೆ. ಕಣ್ಣಾರೆ ಕಂಡ ಮಾತನ್ನೂ ಬರೆದೆ: “ಇಲ್ಲಿನ ಮೇಲ್ವಿಚಾರಕಿ ಹೆಚ್ಚು ಮಾತಾಡುವವರಲ್ಲ. ತಂಗಿದವರು ಯಾರಾದರೂ ಎದ್ದು ಹೊರಗೆ ಬಾರದಿದ್ದರೆ ಏನೂ ಕೇಳದೆ ಬಾಗಿಲ ಬಳಿ ಬಿಸಿನೀರಿನ ಹೂಜಿ ಇಟ್ಟು ಹೋಗುತ್ತಾರೆ.”

ಕಳಿಸಿದ ಹತ್ತು ನಿಮಿಷಕ್ಕೆ ಸಂಪಾದಕರ ಉತ್ತರ ಬಂತು: ‘ಇಷ್ಟು ಹಾಳೆಗಳಲ್ಲಿ ಜೀವ ಇರುವ ಸಾಲು ಇದೊಂದೇ.’ ಕೈಪಿಡಿಯ ಹಿಂಬದಿಯ ರಟ್ಟಿನ ಮೇಲೆ ಅದನ್ನೇ ಹಾಕಿದರು.

ಅದಾಗಿ ಎರಡು ತಿಂಗಳು. ಈಗ ಸುತ್ತಿ ಬಳಸಿ ಹನ್ನೆರಡಕ್ಕೆ ಬಂದಿದ್ದೆ. ಭೂಪಟದಲ್ಲಿ ಒಂಬತ್ತೂ ಹನ್ನೆರಡೂ ಒತ್ತಿಕೊಂಡೇ ಇವೆ. ಈ ಊರಿನಿಂದ ಆ ಬೆಟ್ಟಕ್ಕೆ ದಿನಕ್ಕೊಂದು ನೇರ ಬಸ್ಸೂ ಇದೆ ಎಂಬುದನ್ನು ಆ ಬೆಳಿಗ್ಗೆಯಷ್ಟೇ ಗುರುತು ಹಾಕಿಕೊಂಡಿದ್ದೆ.

ಡೈರಿ ಮುಚ್ಚುವಾಗ ಬಾಗಿಲು ತಳ್ಳಿಕೊಂಡು ಒಬ್ಬರು ಬಂದರು. ಅರವತ್ತು ದಾಟಿದವರು, ಗಟ್ಟಿ ಕೈಗಳು, ಬೆನ್ನಿಗೆ ಶಾಲೆಯ ಮಕ್ಕಳ ಚೀಲ. ನನ್ನ ಕೆಳಗಿನ ಮಂಚಕ್ಕೆ ಚೀಲ ಎಸೆದು, ಮೂಗು ಅರಳಿಸಿ, “ಯಾರದಮ್ಮ ಈ ಸಾಕ್ಸು?” ಎಂದರು.

ನಾನು ಗೋಡೆಯ ಕಡೆ ತಿರುಗಿದೆ.

“ಮೇಲಿರೋಳೇ, ನಿನ್ನನ್ನೇ ಕೇಳ್ತಿರೋದು. ಕೊಡಿಲ್ಲಿ. ಆಸ್ಪತ್ರೆ ಲಾಂಡ್ರಿಲಿ ಮೂವತ್ತೊಂದು ವರ್ಷ ಬಟ್ಟೆ ಒಗೆದೋಳು ನಾನು. ನಿನ್ನ ಸಾಕ್ಸ್ ನನಗೆ ಯಾವ ಲೆಕ್ಕ!”

“ಬೇಡ ಆಂಟಿ…”

“ಆಂಟಿ ಅನ್ಬೇಡ, ಮೈ ಉರಿಯುತ್ತೆ. ದೊಡ್ಡಮ್ಮ ಅನ್ನು.”

ನಾನು ಇಳಿಸಿಕೊಟ್ಟ ಪ್ಲಾಸ್ಟಿಕ್ ಚೀಲದ ಎರಡು ಗಂಟುಗಳನ್ನೂ ಹಲ್ಲಿನಿಂದ ಬಿಚ್ಚಿದರು. ಸಾಕ್ಸ್‌ಗಳನ್ನು ಬಚ್ಚಲಲ್ಲಿ ಕುಸುಬಿ, ಹಿಂಡಿ ತಂದು ಕಿಟಕಿಯ ಸರಳಿಗೆ ಸಿಕ್ಕಿಸಿದರು. ಹಾಗೇ ನಿಂತಾಗ ಅವರ ತಲೆ ನನ್ನ ಹಾಸಿಗೆಯ ಮಟ್ಟಕ್ಕೆ ಬರುತ್ತಿತ್ತು. ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

“ನೀನು ನಿದ್ದೆ ಮಾಡಲ್ಲ.”

“ಮಾಡ್ತೀನಿ.”

“ಯಾರಿಗೆ ಹೇಳ್ತೀಯ? ನಿದ್ದೆ ಮಾಡಿದೋರ ಬಟ್ಟೆ ಒಂಥರಾ ಮುದುಡಿರುತ್ತೆ. ಬರೀ ಬಿದ್ಕೊಂಡಿದ್ದೋರದ್ದು ಇನ್ನೊಂಥರಾ. ಹೋಗ್ಲಿ ಬಿಡು, ನಾನೇನು ಡಾಕ್ಟ್ರೇ!”

ಸಂಜೆ ಮಂಚದ ಅಂಚಿನಲ್ಲಿ ಕೂತು ಮೊಣಕಾಲಿಗೆ ಮುಲಾಮು ತಿಕ್ಕಿಕೊಳ್ಳುತ್ತಾ ತಾವೇ ಎಲ್ಲ ಹೇಳಿದರು. ಗಂಡ ಲಾರಿ ಡ್ರೈವರ್. ದೇಶದ ಮೂಲೆಮೂಲೆಗೂ ಹೋದವರು, ಇವರನ್ನು ಒಮ್ಮೆಯೂ ಕರೆದುಕೊಂಡು ಹೋದವರಲ್ಲ. “ಅವರ ಪ್ಯಾಂಟಿನ ಮೇಲೆ ಎಲ್ಲ ಊರಿನ ಮಣ್ಣೂ ಇರ್ತಿತ್ತು. ಕೆಂಪು, ಕಪ್ಪು, ಬಿಳೀ ಸುಣ್ಣದಂಥದ್ದು. ನಾನು ಈ ದೇಶನ ಒಗೆದೇ ನೋಡಿದ್ದು ಮಗಳೇ.” ನಕ್ಕರು. ಕಳೆದ ವರ್ಷ ಗಂಡ ತೀರಿಕೊಂಡರಂತೆ. ಈಗ ಇವರು ಆ ಮಣ್ಣುಗಳನ್ನು ಒಂದೊಂದಾಗಿ ನೋಡಿಕೊಂಡು ಬರಲು ಹೊರಟಿದ್ದಾರೆ.

“ಮನೇಲಿರೋಕಾಗಲ್ಲ. ಸಮಾಧಾನ ಹೇಳೋರ ಕಾಟ. ಊಟ ಆಯ್ತಾ ಅಕ್ಕಾ, ಅಳು ಬಂದ್ರೆ ಅತ್ತುಬಿಡು ಅಕ್ಕಾ… ಅಳೋದಕ್ಕೂ ಇವರ ಅಪ್ಪಣೆ! ಅದಕ್ಕೇ ನಾಳೆ ಬೆಟ್ಟಕ್ಕೆ ಹೋಗ್ತಿದೀನಿ, ನೋಡಿಲ್ಲಿ.”

ಚೀಲದಿಂದ ಒಂಬತ್ತನೆಯ ಕೈಪಿಡಿ ತೆಗೆದು ಹಿಂಬದಿಯ ರಟ್ಟನ್ನು ನನ್ನ ಮುಖಕ್ಕೆ ಹಿಡಿದರು. ನನ್ನ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು.

“ಏನೂ ಕೇಳದೆ ನೀರಿಟ್ಟು ಹೋಗ್ತಾಳಂತೆ. ಇಂಥೋಳು ಒಬ್ಬಳಾದ್ರೂ ಇದಾಳಲ್ಲ ಈ ದೇಶದಲ್ಲಿ! ಅವಳ ಹತ್ರ ನಾಲ್ಕು ದಿನ ಬಿದ್ಕೊಂಡು ಬರ್ತೀನಿ. ನನಗೆ ಇನ್ನೇನೂ ಬೇಡ.”

“ಆ ದಾರಿ ಕಷ್ಟ ಇರಬಹುದು ದೊಡ್ಡಮ್ಮ,” ಎಂದೆ. “ಮೇಲೆ ಹತ್ತಬೇಕು. ಬಸ್ಸು ಬಿಟ್ಟು ವಾಪಸ್ ಹೋಗಿಬಿಡುತ್ತೆ. ನಿಮ್ಮ ಮೊಣಕಾಲು…”

“ಮೊಣಕಾಲು ನನ್ನ ಜೊತೆಗೇ ಬರುತ್ತೆ. ಅದಕ್ಕೇನು ಬೇರೆ ಟಿಕೆಟ್ಟಾ?”

“ಮನೆ ಮುಚ್ಚಿದ್ರೆ?”

“ಇದೆ ಅಂತ ಹಾಕಿದಾರಲ್ಲ. ಯಾರೋ ಹೋಗಿ ನೋಡಿಕೊಂಡು ಬಂದೇ ತಾನೇ ಬರೆದಿರೋದು? ನೋಡದೆ ಯಾರಾದ್ರೂ ಹೀಗೆ ಬರೆಯೋಕಾಗುತ್ತಾ?”

ನಾನು ಹೊರಗೆ ಹೋದೆ. ಬೆಟ್ಟದ ಬುಡದ ಲಾಡ್ಜಿಗೆ ಫೋನ್ ಮಾಡಿದೆ. ಮೂರು ಸಲ ಗಂಟೆ ಪೂರ್ತಿ ಹೊಡೆದು ನಿಂತಿತು, ಯಾರೂ ಎತ್ತಲಿಲ್ಲ. ಆಮೇಲೆ ಸಂಪಾದಕರಿಗೆ ಮಾಡಿದೆ.

“ಏನಮ್ಮಾ, ಹನ್ನೆರಡರ ಹಾಳೆ ಎಲ್ಲಿ?”

“ಸರ್, ಒಂಬತ್ತರ ಆ ತಂಗುಮನೆ ವಿಷಯ…”

“ಆಹಾ, ಹೂಜಿ! ನಮ್ಮ ಮನೆಯವಳು ಅದನ್ನು ಓದಿ, ಅಲ್ಲಿಗೆ ಕರ್ಕೊಂಡು ಹೋಗಿ ಅಂತ ಪ್ರಾಣ ತಿಂತಿದಾಳೆ. ಹದಿನೇಳೂ ಮುಗಿದ ಮೇಲೆ ನಿನ್ನನ್ನು ಆಫೀಸಿಗೇ ಕರೆಸ್ಕೊಳ್ಳೋಣ ಅಂತಿದೀನಿ, ಕಾಯಂ ಆಗಿ. ಅಮ್ಮನಿಗೆ ಹೇಳು, ಖುಷಿ ಪಡ್ತಾರೆ. ಹ್ಞಾಂ, ಏನೋ ಹೇಳ್ತಿದ್ದೆಯಲ್ಲ?”

“ಏನಿಲ್ಲ ಸರ್.”

ಏನಿಲ್ಲ. ಹುಟ್ಟಿದಾಗಿನಿಂದ ನಾನು ಅತಿ ಹೆಚ್ಚು ಸಲ ಆಡಿರುವ ಮಾತು ಅದೇ ಇರಬೇಕು. ಹೇಳಿದರೆ ಕೆಲಸ ಹೋಗುತ್ತದೆ. ಗಾಜಿನ ಕಪಾಟಿನ ಸಾಲು ಹನ್ನೊಂದಕ್ಕೇ ನಿಲ್ಲುತ್ತದೆ, ಅಮ್ಮ ಬೀದಿಗೆ ಏನು ಹೇಳಬೇಕು? ಹೇಳದಿದ್ದರೆ, ನಾಳೆ ಈ ಹೊತ್ತಿಗೆ ದೊಡ್ಡಮ್ಮ ಆ ಕಾಲೆಳೆದುಕೊಂಡು ಹತ್ತಿ ಹೋಗಿ ಏನೋ ಒಂದರ ಮುಂದೆ ನಿಂತಿರುತ್ತಾರೆ. ಬೀಗದ ಮುಂದೆಯೋ, ಬರೀ ಗೋಡೆಯ ಮುಂದೆಯೋ. ಮನೆ ಇದ್ದರೂ ಇರಬಹುದು. ಆದರೆ ಅವರು ಹೊರಟಿದ್ದು ಮನೆಗಲ್ಲ. ಆ ಹೆಂಗಸಿನ ಬಳಿಗೆ. ಆ ಹೆಂಗಸು ಎಲ್ಲೂ ಇಲ್ಲ ಎಂಬುದು ಖಂಡಿತವಾಗಿ ಗೊತ್ತಿದ್ದವಳು ಇಡೀ ದೇಶದಲ್ಲಿ ನಾನೊಬ್ಬಳೇ.

ಚೀಟಿ ಬರೆದು ಅವರ ಚೀಲದಲ್ಲಿ ಹಾಕಿಬಿಡೋಣ ಎಂದುಕೊಂಡೆ. ಬರೆದೆ ಕೂಡ. ‘ಕ್ಷಮಿಸಿ’ ಎಂಬ ಪದದಿಂದ ಮುಂದಕ್ಕೆ ಹೋಗಲಿಲ್ಲ. ಹರಿದು ಹಾಕಿದೆ.

ಬೆಳಿಗ್ಗೆ ಅವರು ನನಗಿಂತ ಮೊದಲೇ ಎದ್ದು, ತಮ್ಮ ಹಾಸಿಗೆ ಬಟ್ಟೆಯನ್ನು ಮೂಲೆಗೆ ಮೂಲೆ ಕೂಡಿಸಿ ಮಡಿಸಿ, ನನ್ನ ಒಣಗಿದ ಸಾಕ್ಸ್‌ಗಳನ್ನು ಒಂದರೊಳಗೊಂದು ಸೇರಿಸಿ ನನ್ನ ದಿಂಬಿನ ಬಳಿ ಇಟ್ಟಿದ್ದರು. ನಾನು ಏಳಲು ತಡಮಾಡಿದೆ. ಅವರು ನನಗೆ ಹೇಳದೆಯೇ ಹೋಗಿಬಿಡಲಿ ಎಂದು ಕಣ್ಣು ಮುಚ್ಚಿಕೊಂಡೇ ಇದ್ದೆ. ಹಾಗೆ ಆಸೆಪಟ್ಟದ್ದು ನಾಚಿಕೆಗೇಡು, ಆದರೆ ಆಸೆಪಟ್ಟೆ.

“ಬಿದ್ಕೊಂಡಿರೋಳೇ,” ಎಂದು ಮಂಚ ಅಲುಗಿಸಿದರು. “ಬಸ್ ಸ್ಟ್ಯಾಂಡ್ ತನಕ ಚೀಲ ಹಿಡ್ಕೋ ಬಾ. ಪುಣ್ಯ ಬರುತ್ತೆ.”

ನಿಲ್ದಾಣ ಹತ್ತು ನಿಮಿಷದ ದಾರಿ. ಅವರು ಎಡಗಾಲನ್ನು ಊರಿ ಬಲಗಾಲನ್ನು ಎಳೆಯುತ್ತಾ ನಡೆದರು. ಪ್ರತಿ ಹತ್ತು ಹೆಜ್ಜೆಗೆ ನಿಂತು, ನಿಂತದ್ದು ಗೊತ್ತಾಗಬಾರದೆಂದು ಅಂಗಡಿಗಳ ಬೋರ್ಡು ಓದುತ್ತಿದ್ದರು. ಈ ನಡಿಗೆಗೆ ಎರಡು ತಾಸಿನ ದಾರಿ ಐದು ತಾಸಾಗುತ್ತದೆ ಎಂದು ನನ್ನ ತಲೆ ತನ್ನಷ್ಟಕ್ಕೆ ಹೇಳುತ್ತಿತ್ತು. ಬಸ್ಸು ನಿಂತಿತ್ತು. ಅವರು ಹತ್ತಿ ಬಾಗಿಲ ಬಳಿಯ ಸೀಟು ಹಿಡಿದು ಕೂತರು. ನಾನು ಫುಟ್‌ಬೋರ್ಡ್ ಮೇಲೆ ನಿಂತು ಚೀಲವನ್ನು ಅವರ ತೊಡೆಯ ಮೇಲಿಟ್ಟೆ. ಕೈ ಮಾತ್ರ ಚೀಲದ ಪಟ್ಟಿಯನ್ನು ಬಿಡಲಿಲ್ಲ.

“ಹೋಗಿ ಬರ್ತೀನಿ ಮಗಳೇ. ರಾತ್ರಿ ನಿದ್ದೆ ಮಾಡು.”

“ಹತ್ತೋರು ಹತ್ತಿ, ಟಾಟಾ ಮಾಡೋರು ಇಳೀರಿ!” ಕಂಡಕ್ಟರ್ ಬಸ್ಸಿನ ಪಕ್ಕೆಗೆ ಬಡಿದ. “ಏನಮ್ಮಾ, ಬರ್ತೀಯೋ ಇಳೀತೀಯೋ? ಬಾಗಿಲಲ್ಲೇ ಸಂಸಾರ ಹೂಡ್ಬೇಡ.”

ಮುಂದಿನ ಸೀಟುಗಳಿಂದ ನಗು ಬಂತು. ನನಗೆ ಎಲ್ಲರೂ ನೋಡುತ್ತಿದ್ದಾರೆ ಎನಿಸಿದರೆ ಮೈಯೆಲ್ಲ ಬಿಗಿಯುತ್ತದೆ. ಈಗಲೂ ಬಿಗಿಯಿತು. ಆದರೂ ಇಳಿಯಲಿಲ್ಲ.

“ದೊಡ್ಡಮ್ಮ, ಹೋಗ್ಬೇಡಿ,” ಎಂದೆ. “ಆ ಪುಸ್ತಕಕ್ಕೆ ಬರೆದು ಕಳಿಸಿದ್ದು ನಾನೇ. ನಾನು ಆ ಮನೆಗೆ ಹೋಗೇ ಇಲ್ಲ. ಹೂಜಿ ಇಟ್ಟು ಹೋಗೋರು ಯಾರೂ ಇಲ್ಲ.”

ಅವರು ನನ್ನನ್ನು ನೋಡಿದರು. ಕೋಪವಾದರೂ ಬರಲಿ ಎಂದು ಕಾದೆ. ಬರಲಿಲ್ಲ. ಮುಖದಲ್ಲಿ ಇದ್ದದ್ದೇನೋ ಇಳಿದುಹೋಯಿತು, ಅಷ್ಟೇ. ನಿನ್ನೆ ಸಂಜೆ ರಟ್ಟು ಹಿಡಿದು ತೋರಿಸಿದ್ದ ಕೈ ಚೀಲದ ಮೇಲೆ ಸುಮ್ಮನೆ ಬಿದ್ದಿತ್ತು. ಕಂಡಕ್ಟರ್ ಕೂಡ ಬಡಿಯುವುದನ್ನು ನಿಲ್ಲಿಸಿದ್ದ.

“ಯಾಕೆ ಹೋಗ್ಲಿಲ್ಲ?” ಎಂದು ಕೇಳಿದರು, ತೀರಾ ಮೆಲ್ಲಗೆ.

ಜ್ವರ ಎನ್ನಬಹುದಿತ್ತು. ಮಳೆ ಎನ್ನಬಹುದಿತ್ತು. ಏನಿಲ್ಲ ಎಂಬುದಂತೂ ನಾಲಿಗೆಯ ತುದಿಯಲ್ಲೇ ಇತ್ತು.

“ಹಾಸಿಗೆಯಿಂದ ಏಳೋಕಾಗ್ಲಿಲ್ಲ ದೊಡ್ಡಮ್ಮ. ಈಗ್ಲೂ ಆಗ್ತಿಲ್ಲ.”