ಎಣ್ಣೂರಿನಲ್ಲಿ ಹತ್ತಿದ ದ್ವಾದಶಿ

ಹಿನ್ನೀರಿನ ಮೇಲೆ ಬಿಸಿಲು ಇನ್ನೂ ಎಳೆಯದು, ರೈಲು ಸೇತುವೆಯ ಕಂಬಿಗಳು ಅದನ್ನು ತುಂಡು ತುಂಡು ಮಾಡಿ ರಂಜನಿಯ ಮಡಿಲಿಗೆ ಹಾಕುತ್ತಿದ್ದವು, ಖಾಲಿ ಹೊಟ್ಟೆಯಲ್ಲಿ ನೋಡಿದರೆ ಎಲ್ಲವೂ ಒಂದಿಷ್ಟು ಹೆಚ್ಚೇ ಹೊಳೆಯುತ್ತದೆ — ಫೋನು ಮತ್ತೆ ನಡುಗಿತು, ಅನಿಕೇತನೇ, ಗಂಡಂದಿರಿಗೆ ಕಾಳಜಿ ಉಕ್ಕುವುದು ಹೆಂಡತಿ ಹೊಸ್ತಿಲು ದಾಟಿದ ಮೇಲೆಯೇ, ಕಂಪನಿ ಬಸ್ಸಿಗೆ ಹೆಸರು ಕೊಟ್ಟೆಯೇನೇ, ಇವತ್ತೇ ಕಡೇ ದಿನ, ತಿರುವೊಟ್ಟಿಯೂರಿಂದ ನೇರ ತಡಾಕ್ಕೆ, ಏಸಿ ಬೇರೆ, ಮನೆ ಬಾಗಿಲಿಗೇ ಬರ್ತದೆ, ನಾಳೆಯಿಂದ ಆ ಟ್ರೇನಿನ ತಳ್ಳಾಟ ಯಾಕೆ ನಿಂಗೆ. ಅವನದೇನೂ ತಪ್ಪಿಲ್ಲ, ದಿನಾ ಗಡಿ ದಾಟಿ ಆಂಧ್ರದ ತಡಾದ ಶೂ ಕಾರ್ಖಾನೆಗೆ ಹೋಗಿ ಲೆಕ್ಕಪತ್ರ ನೋಡಿ ಬರುವಷ್ಟರಲ್ಲಿ ರಂಜನಿಯ ಸೊಂಟ ಬಿದ್ದುಹೋಗುತ್ತದೆ, ಬಸ್ಸು ಆಫೀಸಿನವರಿಗೆ ಮಾತ್ರ, ಹೊಲಿಗೆ ಹೆಂಗಸರಿಗಿಲ್ಲ, ಕಂಪನಿಯ ಸಿಬ್ಬಂದಿ ವಿಭಾಗದ ನಂದಿತಾಳ ತಮಾಷೆಯೇ ತಮಾಷೆ, ರೈಲು ಹಿಡಿಯಿರಿ ಹೊಗೆ ತಗ್ಗಿಸಿ ಎಂದು ಗೋಡೆಗೆ ಅಂಟಿಸಿದ್ದೂ ಅವಳೇ, ಪಕ್ಕದಲ್ಲೇ ಬಸ್ಸಿನ ಚಿತ್ರ ಅಂಟಿಸಿದ್ದೂ ಅವಳೇ, ನೀವ್ಯಾಕೆ ಮೇಡಮ್ ಟ್ರೇನಲ್ಲೇ ಬರ್ತೀರಿ ಎಂದು ಅವಳೇ ಕೇಳಿದಾಗ ರಂಜನಿ ತಡವರಿಸಿ ಪರಿಸರಕ್ಕೆ ಒಳ್ಳೆಯದಲ್ಲವೇ ಅಂದಿದ್ದಳು, ಸುಳ್ಳಲ್ಲ, ಆದರೆ ಹೊಗೆಯನ್ನು ನೆನೆದು ಯಾರೂ ಬೆಳಗಾಗುವ ಮುಂಚೆ ಎದ್ದು ಓಡುವುದಿಲ್ಲ. ಬಸ್ಸಿಗೆ ಹೂಂ ಅಂದುಬಿಡುವುದೇ ಸರಿ, ಎಂದುಕೊಂಡಳು.

ಅಕ್ಕಾ, ಸಾಪ್ಡುಂಗ, ತಿನ್ನಿ. ಎದುರು ಸೀಟಿನ ತಮಿಳರಸಿ ಡಬ್ಬಿಯ ಮುಚ್ಚಳ ತೆಗೆದಳು, ಎಣ್ಣೂರಿನ ಮೀನುಗಾರರ ಮನೆಯ ಹುಡುಗಿ, ಅದೇ ಕಾರ್ಖಾನೆಯ ಹೊಲಿಗೆಯವಳು, ಇನ್ನಿಕ್ಕು ದ್ವಾದಸಿ, ವೆಂಗಾಯಂ ಇಲ್ಲೈ ಪೂಂಡು ಇಲ್ಲೈ, ಇವತ್ತು ದ್ವಾದಶಿಯೆಂದು ಈರುಳ್ಳಿ ಬೆಳ್ಳುಳ್ಳಿ ಸೋಕಿಸಿಲ್ಲವಂತೆ, ಹಬೆಯೊಡನೆ ಮೇಲೆದ್ದದ್ದು ಅಗಸೆ ಸೊಪ್ಪಿನ ಪರಿಮಳ, ಅತ್ತೆ ಭೀಮಾಬಾಯಿಯ ಅಡುಗೆಮನೆ ಕಣ್ಣಮುಂದೆ ಬಂತು, ಬಾರೇ, ಸೂರ್ಯ ಮೇಲೆ ಬರೋದ್ರೊಳಗೆ ಪಾರಣೆ ಮುಗಿಸು, ಅತ್ತೆ ತೀರಿಕೊಂಡ ಮೇಲೆ ದ್ವಾದಶಿಯ ಬೆಳಗ್ಗೆ ರಂಜನಿಗೆಂದು ಯಾರೂ ಒಲೆ ಹಚ್ಚಿಲ್ಲ — ಎಂದೋ ಒಮ್ಮೆ ಮಾತಿಗೆ ಹೇಳಿದ್ದು, ಈ ಹುಡುಗಿ ನೆನಪಿಟ್ಟುಕೊಂಡಿದ್ದಾಳೆ, ಆದರೆ ಅಯ್ಯೋ, ಕ್ಯಾಲೆಂಡರಿನ ಏಕಾದಶಿ ನಿನ್ನೆ, ಮಠದ ಪಂಚಾಂಗದ ಏಕಾದಶಿ ಇವತ್ತು, ನೀರೂ ಮುಟ್ಟದ ದಿನ, ಹೇಳಿದರೆ ಇವಳು ನೊಂದುಕೊಳ್ಳುತ್ತಾಳೆ, ತಿಂದರೆ ಅತ್ತೆ ಕಲಿಸಿದ್ದೆಲ್ಲ ಮಣ್ಣುಪಾಲು, ಸಾಯಂಕಾಲ ಮೀಯುವ ಹುಡುಗಿ ಇವತ್ತು ಕತ್ತಲಲ್ಲೇ ತಲೆಗೆ ನೀರು ಹಾಕಿಕೊಂಡು ಮಡಿಯಲ್ಲಿ ಬೇಯಿಸಿದ್ದಾಳೆ, ಒಣಗಿಸಿಕೊಳ್ಳಲೂ ಹೊತ್ತಿಲ್ಲದೆ ರೈಲಿಗೆ ಓಡಿದ್ದಾಳೆ, ಕೂದಲಿನ ತುದಿಯಿಂದ ಹನಿ ಇಳಿದು ಸಮವಸ್ತ್ರದ ನೀಲಿ ಹೆಗಲು ಒದ್ದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಎಂಗಳುಕ್ಕು ನಾಳೈಕ್ಕು ದಾನ್ ಮಾ, ನಮಗೆ ದ್ವಾದಶಿ ನಾಳೆ. ತಮಿಳರಸಿ ನಾಲಿಗೆ ಕಚ್ಚಿಕೊಂಡಳು, ಮುಖ ಸಣ್ಣದಾಯಿತು, ಮುಚ್ಚಳ ಒತ್ತಿದಳು, ಆಮೇಲೆ ಏನೂ ಆಗಲಿಲ್ಲವೆಂಬಂತೆ, ಪರವಾಲ್ಲೈಕ್ಕಾ, ನಾಳೆ ಮತ್ತೆ ಮಾಡಿ ತರುತ್ತೇನೆ, ನಾಳೈಕ್ಕು ವರುವೀಂಗಲ್ಲ? ಬರುತ್ತೀರಲ್ಲ? ರಂಜನಿ ವರ್ರೇನ್, ಬರುತ್ತೇನೆ ಅಂದುಬಿಟ್ಟಳು, ಅಂದ ಮೇಲೆ ಮುಗಿಯಿತು, ಫೋನು ತೆಗೆದಳು, ಬಸ್ಸು ಬೇಡಾರೀ, ಕಳಿಸಿದಳು, ಯಾಕೇ, ತಕ್ಷಣವೇ ಕೇಳಿದ ಅನಿಕೇತ, ಯಾಕೆಂದರೆ, ಗಡಿಯ ಈಚಿನ ಕೊನೆಯ ನಿಲ್ದಾಣ ಆರಂಬಾಕ್ಕಂ ದಾಟಿತು, ಗಡಿ ಎಲ್ಲಿ ಬಂತೋ ಎಲ್ಲಿ ಹೋಯಿತೋ, ಯಾಕೆಂದರೆ ನಾಳೆಯೂ ಇವಳು ಕತ್ತಲಲ್ಲಿ ಎದ್ದು, ತಣ್ಣೀರು, ಯಾಕೆಂದರೆ — ಕೂದಲಿನ ತುದಿ, ನೀಲಿ ಹೆಗಲು, ಒಂದು ಹನಿ, ಇನ್ನೂ ಬೀಳದ ಇನ್ನೊಂದು.