ಪುಟ್ಟಕ್ಕ ಕೂಗಿದ ಹೆಸರುಗಳು

ಗಂಡ ತೀರಿಕೊಂಡ ಮೇಲಿನ ಗಣಾರಾಧನೆಗೆ ಬಂದಿದ್ದ ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ಬೆಳಿಗ್ಗೆ ಎಂದಿನಂತೆ ನಲ್ಲಿಯಲ್ಲಿ ನೀರು ಬಂತು. ತುಂಬಿಕೊಂಡೆ. ಅತ್ತೆ ಕರಿಬಸಮ್ಮ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದರು. ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ.

"ಇವತ್ತು ಅವರು ಗೌಡಗೆರೆಗೆ ಹೋಗಬೇಕಿತ್ತು," ಎಂದೆ.

ಅತ್ತೆ ಕೈ ನಿಲ್ಲಿಸಲಿಲ್ಲ. "ನೀನು ಹೋಗು. ಇಬ್ರೂ ಓದಿದ್ದು ಒಂದೇ ಅಲ್ವಾ? ಯಾರಾದ್ರೂ ಏನಾದ್ರೂ ಅಂದ್ರೆ ನನ್ನ ಹತ್ರ ಕಳಿಸು. ತಿಂದು ಹೋಗು, ಅಷ್ಟೇ."

ಇದು ಎಂಬತ್ನಾಲ್ಕರ ಮಾತು. ನಾವಿಬ್ಬರೂ ಮೈಸೂರಿನಲ್ಲಿ ಭಾಷಾವಿಜ್ಞಾನ ಓದಿದವರು. ಪಾರ್ಶ್ವವಾಯು ಹೊಡೆಯದೆ, ತಲೆಗೆ ಪೆಟ್ಟು ಬೀಳದೆ, ಮಾತು ಮಾತ್ರ ಸ್ವಲ್ಪಸ್ವಲ್ಪವಾಗಿ ಕಳೆದುಹೋಗುವ ಜನರ ಬಗ್ಗೆ ನನ್ನ ಗಂಡ ಸಂಶೋಧನೆ ಮಾಡುತ್ತಿದ್ದರು. ಹೊರದೇಶದ ವೈದ್ಯರು ಅದನ್ನು ಬೇರೆ ಕಾಯಿಲೆಯೆಂದು ಗುರುತಿಸಿ ಒಂದೆರಡು ವರ್ಷವಾಗಿತ್ತಷ್ಟೇ. ವಿಭಾಗದ ಹಿರಿಯರು "ಅರಳುಮರಳು ಕಣಯ್ಯಾ" ಎಂದು ನಕ್ಕಿದ್ದರು. ಇವರು ಒಪ್ಪಲಿಲ್ಲ. ಪದ ಹೋಗುತ್ತದೆ, ತಿಳಿವಳಿಕೆ ಉಳಿದಿರುತ್ತದೆ ಎನ್ನುತ್ತಿದ್ದರು. ಅದನ್ನು ತೋರಿಸಲು ಟೇಪ್ ರೆಕಾರ್ಡರು, ಚಿತ್ರದ ಕಾರ್ಡುಗಳನ್ನು ಹಿಡಿದು ಪಾವಗಡ, ಸಿರಾ ಕಡೆಯ ಹಳ್ಳಿಗಳನ್ನು ಸುತ್ತುತ್ತಿದ್ದರು. ಕೊರಟಗೆರೆ ದಾರಿಯಲ್ಲಿ ಲಾರಿಯೊಂದು ಅವರ ಸ್ಕೂಟರಿಗೆ ಗುದ್ದಿತು.

ಮಧುಗಿರಿಯಿಂದ ಸಿರಾಕ್ಕೆ ಒಂದು ಬಸ್ಸು, ಅಲ್ಲಿಂದ ಗೌಡಗೆರೆಗೆ ಇನ್ನೊಂದು. ಹಾಗೆ ಮಾತು ಕಳೆದುಕೊಳ್ಳುತ್ತಿದ್ದವರಲ್ಲೊಬ್ಬರಾದ ಕುರಿಗಾಹಿ ಕ್ಯಾತಪ್ಪನವರ ಹಟ್ಟಿಗೆ ಕಡಲೆಕಾಯಿ ಹೊಲದ ನಡುವೆ ನಡೆದೆ. ಹಟ್ಟಿಯವರೆಲ್ಲ ಮುಳ್ಳುಬೇಲಿ ಕಟ್ಟಿದ ಕುರಿರೊಪ್ಪದ ಸುತ್ತ ನಿಂತಿದ್ದರು. ಕ್ಯಾತಪ್ಪನವರ ಹೆಂಡತಿ ಪುಟ್ಟಕ್ಕ, ಹಿಂದೆ ಇವರ ಜೊತೆ ಬಂದಿದ್ದ ನನ್ನನ್ನು ಕಂಡು ಓಡಿಬಂದರು.

"ಐನೋರು ಬರ್ಲಿಲ್ವಾ, ಅವ್ವಾ?"

ಹೇಳಿದೆ. ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಕ್ಯಾತಪ್ಪ ಹತ್ತಿರ ಬಂದು "ಆ... ಆ..." ಎಂದರು. ಪದ ಸಿಗಲಿಲ್ಲ. ಎರಡೂ ಕೈ ನನ್ನ ತಲೆಯ ಮೇಲಿಟ್ಟರು.

ಹಿಂದಿನ ಸಂಜೆಯ ಗಾಳಿಮಳೆಗೆ ಎರಡು ಮಂದೆ ಬೆರೆತುಹೋಗಿದ್ದವು. ಒಂದು ಕ್ಯಾತಪ್ಪನವರದು, ಇನ್ನೊಂದು ಅವರ ಚಿಕ್ಕಪ್ಪನ ಮಗ ಚಿಕ್ಕರಂಗಯ್ಯನದು. ಹೀಗಾದಾಗ ಹಟ್ಟಿಯ ಹಿರಿಯ ಕೋಲು ಹಿಡಿದು ರೊಪ್ಪದ ಬಾಯಲ್ಲಿ ನಿಂತು, ಒಂದೊಂದು ಕುರಿಯ ಹೆಸರನ್ನೂ ಕೂಗಿ ಬೇರೆ ಮಾಡಬೇಕು. ಅವನ ಮಾತಿಗೆ ಎದುರಿಲ್ಲ. ಆ ಕೋಲು ಬಹಳ ವರ್ಷದಿಂದ ಕ್ಯಾತಪ್ಪನವರ ಕೈಯಲ್ಲಿತ್ತು.

"ಕೋಲು ಇಂಗ್ ಕೊಡಣ್ಣ," ಎಂದ ಚಿಕ್ಕರಂಗಯ್ಯ. "ಬಾಯೂ ಹೋಯ್ತು, ಬುದ್ಧೀನೂ ಹೋಯ್ತು. ಹೆಸ್ರೇ ಬರ್ದೋನು ಹೆಂಗ್ ಬೇರೆ ಮಾಡ್ತೀಯ?"

"ನಿನ್ ಬುದ್ಧಿ ಎಲ್ಲೈತೆ ಅಂತ ನಂಗೊತ್ತು ಕಣ್ಲಾ," ಎಂದರು ಪುಟ್ಟಕ್ಕ. "ಸಾರಾಯಿ ಅಂಗ್ಡಿ ಮುಂದೆ ಬಿದ್ದೈತೆ, ಹೋಗಿ ಎತ್ಕೊ."

ಜನ ನಕ್ಕರು. ಆದರೆ ಯಾರೂ ಕ್ಯಾತಪ್ಪನವರ ಪರ ಮಾತಾಡಲಿಲ್ಲ. ಅವರು ಕೋಲನ್ನು ಬಿಗಿಯಾಗಿ ಹಿಡಿದು ನೆಲ ನೋಡುತ್ತಿದ್ದರು.

ನಮ್ಮ ಪರೀಕ್ಷೆಯಲ್ಲಿ ಎರಡು ಭಾಗ. ಮೊದಲು ಚಿತ್ರ ತೋರಿಸಿ ಹೆಸರು ಕೇಳುವುದು. ಆಮೇಲೆ ನಾವೇ ಹೆಸರು ಹೇಳಿ, ಚಿತ್ರ ತೋರಿಸಿ ಎನ್ನುವುದು. ಮೊದಲನೆಯದರಲ್ಲಿ ಕ್ಯಾತಪ್ಪ ಸಲಸಲಕ್ಕೂ ಹಿಂದೆ ಬೀಳುತ್ತಿದ್ದರು. ಎರಡನೆಯದರಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಹಟ್ಟಿಯವರು ಕೇಳುತ್ತಿದ್ದುದು ಮೊದಲನೆಯದನ್ನು ಮಾತ್ರ.

"ಪುಟ್ಟಕ್ಕ ಹೆಸರು ಕೂಗಲಿ," ಎಂದೆ. "ಇವರು ಹಿಡಿದು ತರಲಿ."

"ಹೆಂಗಸ್ರು ರೊಪ್ಪದೊಳ್ಗೆ ಕಾಲಿಡಂಗಿಲ್ಲ, ತಾಯಿ," ಎಂದ ಚಿಕ್ಕರಂಗಯ್ಯ.

"ಬೇಲಿಯ ಹೊರಗೇ ನಿಲ್ಲುತ್ತಾರೆ."

ಚಿಕ್ಕರಂಗಯ್ಯ ಹಟ್ಟಿಯ ಮುದುಕರ ಮುಖ ನೋಡಿದ. ಬೇಡವೆನ್ನಲು ಯಾರಿಗೂ ಕಾರಣ ಸಿಗಲಿಲ್ಲ.

ಮರಿ ಹಾಕಿದಾಗ ಹೆಸರಿಡುವವರು ಹೆಂಗಸರೇ. ಪುಟ್ಟಕ್ಕ ಬೇಲಿಗೆ ಆತು ನಿಂತು ಕೂಗಿದರು. "ಕೆಂದಿ!" ಕ್ಯಾತಪ್ಪ ಮಂದೆಯೊಳಗೆ ನುಗ್ಗಿ ಒಂದು ಕುರಿಯ ಕಾಲು ಹಿಡಿದು ಎಳೆದು ತಂದರು. "ಬೋಳಿ! ಹಂಡಿ! ಮೋಟ್‌ಕಿವಿ!" ಒಂದೂ ತಪ್ಪಲಿಲ್ಲ. ನನ್ನ ಕಣ್ಣಿಗೆ ಎಲ್ಲವೂ ಒಂದೇ ಥರ ಕಾಣುತ್ತಿದ್ದವು.

"ನಂದು ನಾನ್ ಕೂಗ್ತೀನಿ," ಎಂದು ಚಿಕ್ಕರಂಗಯ್ಯ ಮುಂದೆ ಬಂದ. ಅವನು ಕೂಗಿದವೂ ಸರಿಯಾಗಿ ಬಂದವು. ಕೊನೆಗೆ, "ಮಚ್ಚೆಮೂತಿ ತೆಗ್ಯಣ್ಣ, ನೋಡಾಣ!" ಎಂದ.

ಕ್ಯಾತಪ್ಪ ಕದಲಲಿಲ್ಲ. ಚಿಕ್ಕರಂಗಯ್ಯನನ್ನೇ ನೋಡಿದರು. ನಿಧಾನವಾಗಿ ಕೋಲೆತ್ತಿ ಸಂತೆಯ ದಾರಿಯ ಕಡೆ ತೋರಿಸಿದರು. ಇನ್ನೊಂದು ಕೈಯಲ್ಲಿ ಗಂಟಲ ಮೇಲೆ ಕತ್ತಿ ಎಳೆದಂತೆ ಮಾಡಿ, ಹಲ್ಲಿಲ್ಲದ ಬಾಯಿ ತೆರೆದು ನಕ್ಕರು.

"ಹೋದ್ ದೀಪಾವ್ಳಿಗೇ ಮಾರ್ದಲ್ಲೋ, ಕಳ್ ನನ್ಮಗ್ನೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಹಟ್ಟಿಗೆ ಹಟ್ಟಿಯೇ ನಕ್ಕಿತು. ಚಿಕ್ಕರಂಗಯ್ಯನೂ ತಲೆ ಕೆರೆದುಕೊಂಡು ನಕ್ಕ.

ಪುಟ್ಟಕ್ಕ ನನ್ನ ಕಡೆ ತಿರುಗಿದರು. "ನೋಡ್ದಾ ಅವ್ವಾ? ನಮ್ಮೆಜಮಾನ್ರು!"

"ನೋಡಿದೆ," ಎಂದೆ. ನಮ್ಮ ಯಜಮಾನರು ಹೇಳಿದ್ದೂ ಸರಿಯಾಗಿತ್ತು. ಎದೆ ತುಂಬಿ ಬಂತು. ಎಷ್ಟೋ ದಿನದ ಮೇಲೆ ಏನೋ ಒಂದು ಬಂದಿತ್ತು.

ಮಂದೆಯ ಮುಂದೆ ನಡೆಯುವ ಟಗರು ಕೊನೆಗೆ ಹೊರಬಂತು. ಅದರ ಕೊರಳು ಬರಿದಾಗಿತ್ತು. ಸದ್ದು ಕೇಳಿ ವಸ್ತು ಗುರುತಿಸುವ ಪರೀಕ್ಷೆಗೆಂದು ಇವರು ಹೋದ ಸಲ ಅದರ ಗಂಟೆಯನ್ನು ಕೇಳಿ ತಂದಿದ್ದರು. ಚೀಲದಿಂದ ತೆಗೆದು ಎರಡೂ ಕೈಯಲ್ಲಿ ಕ್ಯಾತಪ್ಪನವರಿಗೆ ಕೊಟ್ಟೆ.

ಅವರು ಚಿಕ್ಕರಂಗಯ್ಯನಿಗೆ ಗದ್ದ ಆಡಿಸಿ ಸನ್ನೆ ಮಾಡಿದರು. ಅವನು ಎದುರು ಮಾತಾಡದೆ ಬಂದು, ಮಂಡಿಯೂರಿ, ಟಗರಿನ ಕೊಂಬುಗಳನ್ನು ಬಿಗಿಯಾಗಿ ಹಿಡಿದುಕೊಂಡ. ಕ್ಯಾತಪ್ಪ ಗಂಟೆ ಕಟ್ಟಿದರು.